ಮುಕ್ತ ತಂತ್ರಾಂಶವೂ ಹುಡುಗರ ಜೀವನೋಪಾಯವೂ

ನಮ್ಮ ತಾಲೂಕು ಪಟ್ಟಣದ ಒಂದು ಅಚ್ಚುಕೂಟದಲ್ಲಿ, ಸೆಪ್ಟೆಂಬರ್ ತಿಂಗಳ ಒಂದು ಅಪರಾಹ್ಣ, ಇಬ್ಬರು ಸಜ್ಜನರ ನಡುವೆ ನಡೆದ ವಾಗ್ವಾದವನ್ನು ಅದರ ಬಿಸಿ ಆರುವುದಕ್ಕೆ ಮೊದಲೇ ಬರೆದಿಡಬೇಕೆಂಬ ಆಸೆಯಿಂದ ಇಲ್ಲಿ ಸಂಗ್ರಹಿಸಿರುವೆನು. ಒಬ್ಬರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರು; ಮತ್ತೊಬ್ಬರು ಆ ಅಚ್ಚುಕೂಟದ ಯಜಮಾನರು, ಅದರ ಮಹಡಿಯ ಮೇಲೆ ಊರ ಹುಡುಗರಿಗೆ ಟ್ಯಾಲಿ, ಡಿ.ಟಿ.ಪಿ., ಫೋಟೋಶಾಪ್ ಕಲಿಸುವ ತರಬೇತಿ ಕೇಂದ್ರವನ್ನೂ ನಡೆಸತಕ್ಕವರು. ಪ್ರತಿವರ್ಷ ಸೆಪ್ಟೆಂಬರಿನ ಮೂರನೆಯ ಶನಿವಾರದಂದು ಹಲವು ದೇಶಗಳಲ್ಲಿ ಆಚರಿಸಲ್ಪಡುವ ತಂತ್ರಾಂಶ ಸ್ವಾತಂತ್ರ್ಯ ದಿನದ ನಿಮಿತ್ತವಾಗಿ, ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ತಂದರೆ ಅವುಗಳಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿಕೊಡಲಾಗುವುದೆಂಬ ಕರಪತ್ರವೊಂದನ್ನು ಅಧ್ಯಾಪಕರು ಅಚ್ಚಿಗೆ ತಂದಿದ್ದರು. ಅವರು ಲಿಬ್ರೆಆಫೀಸಿನಲ್ಲಿ ಯೂನಿಕೋಡ್ ಅಕ್ಷರಗಳಿಂದ ಬೆರಳಚ್ಚಿಸಿದ್ದ ಬರಹವು, ಅಚ್ಚುಕೂಟದ ಪೇಜ್‌ಮೇಕರಿಗೆ ಬೇಕಾದ ಹಳೆಯ ಆಸ್ಕಿ ಅಕ್ಷರಗಳಿಗೆ ಪರಿವರ್ತಿತವಾಗುವಾಗ ಅಲ್ಲಲ್ಲಿ ಅಂಗಭಂಗವನ್ನು ಹೊಂದಿತು. ಮಾತು ಹುಟ್ಟಿದ್ದು ಅಲ್ಲಿಂದ. ಒಂದು ಆಮಂತ್ರಣ ಪತ್ರಿಕೆಯ ಕರಡನ್ನು ತಿದ್ದಿಕೊಡಲೆಂದು ಹೋಗಿದ್ದ ನಾನು ಕೈಯಲ್ಲಿ ಕೆಂಪು ಲೇಖನಿಯನ್ನು ಹಿಡಿದುಕೊಂಡೇ ಶ್ರೋತೃವಾದೆನು.

ಮುದ್ರಕರು: ನೋಡಿ ಮೇಷ್ಟ್ರೆ, ತಲೆಬರಹದಲ್ಲಿಯೇ ನಿಮ್ಮ ‘ಸ್ವಾತಂತ್ರ್ಯ’ ಮುರಿದು ಬಿದ್ದಿದೆ. ತಕಾರದ ಕೆಳಗೆ ಇರಬೇಕಾದ ಎರಡು ಒತ್ತುಗಳಲ್ಲಿ ಒಂದು ಕಾಣೆಯಾಗಿದೆ, ಇನ್ನೊಂದು ಪಕ್ಕದ ಅಕ್ಷರದ ಬುಡಕ್ಕೆ ಹೋಗಿ ಸೇರಿಕೊಂಡಿದೆ. ನೀವು ‘ನುಡಿ’ ತಂತ್ರಾಂಶದಲ್ಲಿಯೇ ಹಳೆಯ ರೀತಿಯಲ್ಲಿ ಟೈಪು ಮಾಡಿಸಿ ತಂದಿದ್ದರೆ ಈ ಹೊತ್ತಿಗೆ ಪ್ಲೇಟು ಸಿದ್ಧವಾಗಿರುತ್ತಿತ್ತು.

ಅಧ್ಯಾಪಕರು: ಮುರಿದದ್ದು ನನ್ನ ಕಡತದಲ್ಲಿಯೋ ನಿಮ್ಮ ಯಂತ್ರದಲ್ಲಿಯೋ ಎಂಬುದನ್ನು ಮೊದಲು ನಿರ್ಣಯಿಸೋಣ. 1991ರಲ್ಲಿ ಹೊರಬಂದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ನೀವು ಇಂದಿಗೂ ಬಳಸುತ್ತಿರುವ ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಅದನ್ನು ಹೊರಡಿಸಿದ ಕಂಪನಿಯೇ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಅದರೊಳಗೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ನೀವು ಕನ್ನಡವನ್ನು ಕಾಣಿಸುತ್ತಿದ್ದೀರಿ. ಆ ಒಂದು ಫಾಂಟು ಇಲ್ಲದ ಗಣಕದಲ್ಲಿ ನಿಮ್ಮ ಕಡತವನ್ನು ತೆರೆದರೆ, ಬೆಳಗಿನ ಜಾವ ಕುಳಿತು ಜೋಡಿಸಿದ ಲಗ್ನಪತ್ರಿಕೆಯು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುವುದು.

ಮುದ್ರಕರು: ತೋರಲಿ. ಇನ್ನೊಬ್ಬರ ಗಣಕದಲ್ಲಿ ಅದನ್ನು ತೆರೆಯುವ ಪ್ರಸಂಗವೇ ನನಗಿಲ್ಲ. ಚುನಾವಣೆ ಘೋಷಣೆಯಾದ ರಾತ್ರಿ ನನ್ನ ಆಪರೇಟರ್ ಕಣ್ಣುಮುಚ್ಚಿಕೊಂಡು ನಾಲ್ಕು ಪಕ್ಷಗಳ ಕರಪತ್ರಗಳನ್ನು ಜೋಡಿಸಿ ಕೊಡುತ್ತಾನೆ. ಕೆಲಸ ಕೆಡದೆ ನಡೆಯುತ್ತಿರುವ ಯಂತ್ರವನ್ನು ಅದರ ವಯಸ್ಸು ನೋಡಿ ಹೊರಗೆ ಹಾಕಬೇಕೆ?

ಅಧ್ಯಾಪಕರು: ನಿಮ್ಮನ್ನು ಬದಲಾಯಿಸುವ ಸಾಹಸಕ್ಕೆ ನಾನು ಇಳಿದಿಲ್ಲ. ನನ್ನ ಮಾತು ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಹುಡುಗರದು. ಅವರ ಬೆರಳುಗಳು ಇನ್ನೂ ಯಾವ ಅಭ್ಯಾಸಕ್ಕೂ ಗಟ್ಟಿಯಾಗಿಲ್ಲ. ನಿಮ್ಮ ಜೇಬಿನ ಫೋನನ್ನು ತೆಗೆಯಿರಿ. ಅದರಲ್ಲಿ ಅದೇ ‘ಸ್ವಾತಂತ್ರ್ಯ’ವನ್ನು ಬರೆದು ನೋಡಿ.

(ಮುದ್ರಕರು ಬರೆದು ನೋಡಿದರು. ಒತ್ತುಗಳೆರಡೂ ತಮ್ಮ ಸ್ಥಾನದಲ್ಲಿದ್ದುವು.)

ಅಧ್ಯಾಪಕರು: ಆ ಒತ್ತುಗಳನ್ನು ಸ್ವಸ್ಥಾನದಲ್ಲಿ ಕೂರಿಸುವ ಕೆಲಸವನ್ನು ಆಂಡ್ರಾಯ್ಡಿನಲ್ಲಿ ಮಾಡುವುದು ಹಾರ್ಫ್‌ಬಜ಼್ ಎಂಬ ಒಂದು ತಂತ್ರಾಂಶ. ಫೈರ್‌ಫಾಕ್ಸಿನಲ್ಲಿಯೂ, ಕ್ರೋಮಿನಲ್ಲಿಯೂ, ನಾನು ಈ ಕರಪತ್ರವನ್ನು ಬರೆದ ಲಿಬ್ರೆಆಫೀಸಿನಲ್ಲಿಯೂ ಅದೇ ದುಡಿಯುತ್ತಿದೆ. ಅದರ ಮೂಲ ಬರಹವು, ಎಂದರೆ ಸೋರ್ಸ್ ಕೋಡು, ಲೋಕಕ್ಕೆಲ್ಲ ತೆರೆದಿದೆ. ಯಾವ ಊರಿನ ಯಾವ ಹುಡುಗನಾದರೂ ಓದಬಹುದು, ಕನ್ನಡದ ಒಂದು ಒತ್ತು ತಪ್ಪಿದರೆ ತಪ್ಪನ್ನು ತೋರಿಸಬಹುದು, ಬಲ್ಲವನಾದರೆ ತಿದ್ದಿಯೂ ಕಳುಹಿಸಬಹುದು. ನಿಮ್ಮ ಪೇಜ್‌ಮೇಕರಿನಲ್ಲಿ ತಪ್ಪಿದ ಒತ್ತಿಗೆ ನೀವು ಯಾರಲ್ಲಿ ದೂರುಕೊಡುತ್ತೀರಿ?

ಮುದ್ರಕರು: ದೂರುಕೊಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಎಂದೂ ಇರಲಿಲ್ಲ. ನನ್ನ ತಂದೆಯವರು ಟ್ರೆಡಲ್ ಯಂತ್ರ ತುಳಿಯುತ್ತಿದ್ದ ಕಾಲದಲ್ಲಿ, ಮೊಳೆಗಳ ಪೆಟ್ಟಿಗೆಯಲ್ಲಿ ಅರ್ಕಾವತ್ತು ಸವೆದುಹೋದರೆ ಫೌಂಡ್ರಿಗೆ ಕಾಗದ ಬರೆದು ತರಿಸಿಕೊಳ್ಳುತ್ತಿದ್ದರು. ಸೀಸ ಕರಗಿಸಿ ತಾವೇ ಎರಕ ಹೊಯ್ಯಲಿಲ್ಲ. ಅದರಿಂದ ಅವರ ಮುದ್ರಣಕ್ಕೆ ಏನು ಕುಂದು ಬಂತು? ಪ್ರತಿಯೊಬ್ಬ ಹುಡುಗನೂ ಯಂತ್ರದ ಹೊಟ್ಟೆಯನ್ನು ಬಗೆದು ನೋಡತಕ್ಕದ್ದೆಂಬ ನಿಯಮವನ್ನು ಯಾರು ಮಾಡಿದರು?

ಅಧ್ಯಾಪಕರು: ಒಳ್ಳೆಯ ಉದಾಹರಣೆಯನ್ನೇ ಕೊಟ್ಟಿರಿ. ಆ ಮೊಳೆಗಳಿಗೆ ದುಡ್ಡು ತೆತ್ತ ಮೇಲೆ ಅವು ನಿಮ್ಮ ತಂದೆಯವರ ಸ್ವತ್ತಾಗಿದ್ದುವು. ಪಕ್ಕದ ಅಚ್ಚುಕೂಟಕ್ಕೆ ಒಂದು ಹಬ್ಬದ ವಿಶೇಷಾಂಕಕ್ಕಾಗಿ ಕಡ ಕೊಡಬಹುದಿತ್ತು. ಅರದಿಂದ ಉಜ್ಜಿ ಸರಿಪಡಿಸಬಹುದಿತ್ತು. ವರ್ಷ ತುಂಬಿತು, ಚಂದಾ ಕಟ್ಟದಿದ್ದರೆ ಮೊಳೆಗಳನ್ನು ಹಿಂತಿರುಗಿಸು ಎಂದು ಫೌಂಡ್ರಿಯವನು ಬಾಗಿಲಲ್ಲಿ ಬಂದು ನಿಲ್ಲುತ್ತಿರಲಿಲ್ಲ. ಈಗ ನಿಲ್ಲುತ್ತಾನೆ. 2013ರಿಂದೀಚೆಗೆ ನಿಮ್ಮ ಪೇಜ್‌ಮೇಕರಿನ ಅಡೋಬಿಯವರು ತಮ್ಮ ಮುಖ್ಯ ಸರಕುಗಳ ಹೊಸ ಆವೃತ್ತಿಗಳನ್ನು ಚಂದಾದ ಮೇಲೆಯೇ ಕೊಡುತ್ತಿದ್ದಾರಷ್ಟೆ. ಇನ್ನೊಂದು ಕಥೆ ನಿಮಗೆ, ಮುದ್ರಕರಾದ್ದರಿಂದ, ವಿಶೇಷವಾಗಿ ರುಚಿಸಬಹುದು. ಈ ಮುಕ್ತ ತಂತ್ರಾಂಶದ ಚಳವಳಿಯೇ ಒಂದು ಮುದ್ರಣಯಂತ್ರದ ಜಗಳದಿಂದ ಹುಟ್ಟಿತು. 1980ರ ಸುಮಾರಿನಲ್ಲಿ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಶಾಲೆಗೆ ಜ಼ೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣನು ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಕಾದಿರುವವರೆಲ್ಲರ ಪರದೆಯ ಮೇಲೆ ಸೂಚನೆ ಬರುವಂತೆ ಮಾಡಿದ್ದನು. ಹೊಸದರಲ್ಲಿಯೂ ಹಾಗೆ ಮಾಡಲು ಹೊರಟರೆ ಮೂಲ ಬರಹವಿಲ್ಲ. ಅದನ್ನು ಹೊಂದಿದ್ದ ಮತ್ತೊಂದು ವಿಶ್ವವಿದ್ಯಾನಿಲಯದ ಸಂಶೋಧಕನನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆಂಬ ಉತ್ತರ. 1983ರಲ್ಲಿ ಆತನು ಗ್ನೂ ಎಂಬ ಯೋಜನೆಯನ್ನು ಸಾರಿದುದಕ್ಕೆ ಆ ನಿರಾಕರಣೆಯೂ ಒಂದು ಕಾರಣ.

ಮುದ್ರಕರು: ಕಾಗದ ಸಿಕ್ಕಿಕೊಳ್ಳುವ ಕಷ್ಟವನ್ನು ನನಗೆ ವರ್ಣಿಸಬೇಕಾದ್ದಿಲ್ಲ. (ನಕ್ಕರು.) ಆದರೆ ಆತ ಎಂ.ಐ.ಟಿ.ಯಲ್ಲಿದ್ದವನು, ಕೋಪ ಬಂದರೆ ಹೊಸ ವ್ಯವಸ್ಥೆಯನ್ನೇ ಕಟ್ಟಬಲ್ಲವನು. ನನ್ನ ಮಹಡಿಗೆ ಬರುವ ಹುಡುಗಿ ಯಾರೆಂಬುದನ್ನು ಹೇಳುತ್ತೇನೆ, ಕೇಳಿ. ಮೂರು ತಿಂಗಳ ಶುಲ್ಕವನ್ನು ಅವಳ ತಾಯಿ ಸ್ತ್ರೀಶಕ್ತಿ ಸಂಘದ ಸಾಲದಿಂದ ಕಟ್ಟಿರುತ್ತಾಳೆ. ಬಿ.ಕಾಂ. ಮುಗಿಸಿದ ಆ ಹುಡುಗಿಗೆ ಬಸ್‌ಸ್ಟ್ಯಾಂಡಿನ ಹಿಂದಿನ ಆಡಿಟರ ಕಛೇರಿಯಲ್ಲಿಯೋ ಅಡಕೆ ಮಂಡಿಯಲ್ಲಿಯೋ ಕೆಲಸ ದೊರೆಯಬೇಕಾದರೆ ಅವರು ಕೇಳುವ ಪ್ರಶ್ನೆ ಒಂದೇ: ಟ್ಯಾಲಿ ಬರುತ್ತದೆಯೆ? ಜಿ.ಎಸ್.ಟಿ. ರಿಟರ್ನ್ ಹಾಕಲು ಬರುತ್ತದೆಯೆ? ಟ್ಯಾಲಿಯಾದರೂ ಪರದೇಶದ ಸರಕಲ್ಲ. 1986ರಿಂದ ನಡೆದುಬಂದಿರುವ, ನಮ್ಮ ಬೆಂಗಳೂರಿನಲ್ಲಿಯೇ ಇರುವ ಕಂಪನಿ. ಅದರ ಮೂಲ ಬರಹವು ಮುಚ್ಚಿದೆಯೆಂಬ ಕಾರಣಕ್ಕೆ ಆ ಹುಡುಗಿಗೆ ಬೇರೆ ಏನನ್ನೋ ಕಲಿಸಿ ಕಳುಹಿಸಿದರೆ, ನಿಮ್ಮ ಸಿದ್ಧಾಂತದ ಬಡ್ಡಿಯನ್ನು ಅವಳ ತಾಯಿ ಕಟ್ಟಬೇಕಾಗುವುದು.

(ಇಲ್ಲಿ ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಾದರು. ಮುದ್ರಕರ ಈ ಮಾತಿಗೆ ಸಿದ್ಧ ಉತ್ತರವು ಯಾರಲ್ಲಿಯೂ ಇರಲಾರದೆಂದು ನನಗನ್ನಿಸಿತು. ಸಿದ್ಧವಾಗಿದೆಯೆಂದು ಹೇಳುವ ಉತ್ಸಾಹಿಗಳನ್ನು ಕಂಡರೆ ನನಗೆ ಸಂಶಯವೇ ಹೆಚ್ಚು.)

ಅಧ್ಯಾಪಕರು: ಟ್ಯಾಲಿಯ ವಿಷಯದಲ್ಲಿ ನಾನು ಸೋಲನ್ನು ಒಪ್ಪುವೆನು. ಮುಂಬಯಿಯಲ್ಲಿ ಹುಟ್ಟಿದ ಇ.ಆರ್.ಪಿ.ನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶವುಂಟು, ಅದರಲ್ಲಿ ಜಿ.ಎಸ್.ಟಿ. ಲೆಕ್ಕವೂ ಉಂಟು, ಬೆಂಗಳೂರಿನ ಜ಼ೆರೋಧಾದಂತಹ ಕಂಪನಿಯೇ ಅದನ್ನು ಬಳಸಿದೆ. ಆದರೆ ನಮ್ಮೂರಿನ ಅಡಕೆ ಮಂಡಿಯಲ್ಲಿ ಅದು ಇಲ್ಲ. ನಾನು ಹುಡುಗರಿಗೆ ಟ್ಯಾಲಿಯನ್ನು ಬಿಡಿರೆಂದು ಹೇಳಲಾರೆ. ಆದರೆ ಕಲಿಸುವುದು ಜಮಾ ಖರ್ಚಿನ ತತ್ತ್ವವನ್ನೋ, ಯಾವ ಗುಂಡಿಯನ್ನು ಒತ್ತಿದರೆ ಯಾವ ಕಿಟಕಿ ತೆರೆಯುವುದೆಂಬುದನ್ನೋ? ಎರಡನೆಯದನ್ನು ಮಾತ್ರ ಕಲಿತವರು ಕಂಪನಿಯು ಗುಂಡಿಗಳ ಜಾಗ ಬದಲಾಯಿಸಿದ ವರ್ಷ ಮತ್ತೆ ಮಹಡಿ ಹತ್ತಿ ನಿಮಗೆ ಶುಲ್ಕ ಕಟ್ಟಬೇಕಾಗಿದೆ.

ಮುದ್ರಕರು: ಕಟ್ಟುತ್ತಾರೆ; ಅದು ನನ್ನ ಅನ್ನ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀವು ಇದುವರೆಗೂ ದುಡ್ಡಿನ ಮಾತನ್ನೇ ಎತ್ತಲಿಲ್ಲವಲ್ಲ. ಮುಕ್ತ ತಂತ್ರಾಂಶದವರೆಲ್ಲ ಉಳಿತಾಯದ ಲೆಕ್ಕದಿಂದಲೇ ಭಾಷಣ ಆರಂಭಿಸುವುದನ್ನು ಕೇಳಿದ್ದೇನೆ.

ಅಧ್ಯಾಪಕರು: ಎತ್ತಿ ಪ್ರಯೋಜನವಿಲ್ಲ. ನನ್ನ ತರಗತಿಯಲ್ಲಿ ಯಾರೊಬ್ಬರೂ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಂಡವರಲ್ಲ. ಯಾರೋ ಗೆಳೆಯನು ಪೆನ್‌ಡ್ರೈವಿನಲ್ಲಿ ತಂದು, ಬೀಗ ಮುರಿದದ್ದನ್ನು ಹಾಕಿಕೊಡುತ್ತಾನೆ. ಅಪ್‌ಡೇಟು ಬರಬಾರದೆಂದು ಅದನ್ನು ನಿಲ್ಲಿಸಿಯೇ ಕೊಡುತ್ತಾನೆ. ಅದರೊಡನೆ ವೈರಸ್ಸು ಬಂದರೆ ಕೇಳುವವರಿಲ್ಲ. ಉಳಿತಾಯವೆಂದರೆ ಆ ಹುಡುಗ ನಗುತ್ತಾನೆ, ಸೊನ್ನೆಯಿಂದ ಏನನ್ನು ಕಳೆಯುವುದೆಂದು. ನಾನು ಹೇಳುವುದಿಷ್ಟೆ: ಹದಿನೆಂಟನೆಯ ವಯಸ್ಸಿನಲ್ಲಿ ಒಬ್ಬನ ಮೊದಲ ತಂತ್ರಜ್ಞಾನದ ವಿದ್ಯೆಯು ಬೀಗ ಮುರಿಯುವ ವಿದ್ಯೆಯಾಗಬೇಕಾಗಿಲ್ಲ.

ಮುದ್ರಕರು: ಆ ಮಾತಿಗೆ ನನ್ನ ಸಮ್ಮತಿಯುಂಟು. ನನ್ನ ಮಹಡಿಯ ಮೇಲೆ ಇರುವುದರಲ್ಲಿ ಎಷ್ಟಕ್ಕೆ ರಸೀದಿಯುಂಟೆಂದು ಮಾತ್ರ ಕೇಳಬೇಡಿ. ಆದರೆ ಈಗ ಕಂಪನಿಗಳೇ ವಿದ್ಯಾರ್ಥಿಗಳಿಗೆ ಪುಕ್ಕಟೆಯಾಗಿ ಕೊಡುತ್ತಿವೆಯಲ್ಲ? ಕಾಲೇಜಿನ ಇಮೇಲ್ ವಿಳಾಸ ತೋರಿಸಿದರೆ ಸಾಕಂತೆ.

ಅಧ್ಯಾಪಕರು: ಕೊಡುತ್ತವೆ, ಪದವಿ ಮುಗಿಯುವ ತನಕ. ಅಷ್ಟರಲ್ಲಿ ಬೆರಳು ಪಳಗಿರುತ್ತದೆ. ಅದರಲ್ಲಿ ಪಾಪವಿದೆಯೆಂದು ನಾನು ಹೇಳೆನು, ವ್ಯಾಪಾರದ ಜಾಣ್ಮೆಯದು. ಸರ್ಕಾರಿ ಕಾಲೇಜಿನಲ್ಲಿ ಸಂಬಳ ತೆಗೆದುಕೊಳ್ಳುವ ನಾನು ಆ ಜಾಣ್ಮೆಗೆ ಕೂಲಿಯಿಲ್ಲದ ದಲ್ಲಾಳಿಯಾಗಬೇಕೆ ಎಂಬುದು ನನ್ನ ಸಂಕಟ. ನೆರೆಯ ಕೇರಳವನ್ನು ನೋಡಿ. ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಅಲ್ಲಿ 2001ರ ಹೊತ್ತಿಗೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳೆಲ್ಲ ಹಂತಹಂತವಾಗಿ ಲಿನಕ್ಸಿಗೆ ತಿರುಗಿದುವು. ಅಲ್ಲಿನ ಹತ್ತನೆಯ ತರಗತಿಯ ಮಗುವು ಐಟಿ ಪರೀಕ್ಷೆಯನ್ನು ಅದರಲ್ಲಿಯೇ ಬರೆಯುತ್ತದೆ. ಆ ಮಕ್ಕಳು ದೊಡ್ಡವರಾಗಿ ಬೆಂಗಳೂರಿಗೆ ಬಂದು ಕೆಲಸ ಮಾಡುತ್ತಿಲ್ಲವೆ?

ಮುದ್ರಕರು: ಅಲ್ಲಿ ಒಂದು ಇಲಾಖೆಯೇ ಹೆಗಲು ಕೊಟ್ಟಿತು, ಮೇಷ್ಟ್ರೆ. ಪಠ್ಯಪುಸ್ತಕ ಬರೆದರು, ಶಾಲೆ ಶಾಲೆಗೆ ತಿರುಗಿ ಅಧ್ಯಾಪಕರನ್ನು ತಯಾರುಮಾಡಿದರು, ಕೆಟ್ಟಾಗ ಸರಿಮಾಡುವವರನ್ನು ಜಿಲ್ಲೆಗಳಲ್ಲಿ ಇಟ್ಟರು. ಇಲ್ಲಿ ಇರುವುದು ನೀವೊಬ್ಬರು. ಜರ್ಮನಿಯ ಮ್ಯೂನಿಕ್ ನಗರಸಭೆಯ ಕಥೆಯನ್ನು ನೀವೇ ಒಮ್ಮೆ ನನಗೆ ಹೇಳಿದಿರಿ.

ಅಧ್ಯಾಪಕರು: ಹೇಳಿದ್ದೆ. 2003ರಲ್ಲಿ ನಿಶ್ಚಯ ಮಾಡಿ, ಸುಮಾರು 15,000 ಗಣಕಗಳನ್ನು ಲಿನಕ್ಸಿಗೆ ತಿರುಗಿಸಿದರು; 2017ರಲ್ಲಿ ಅದೇ ನಗರಸಭೆಯು ಹಿಂದಕ್ಕೆ ವಿಂಡೋಸಿಗೆ ಹೋಗತಕ್ಕದ್ದೆಂದು ಮತ ಹಾಕಿತು. ರಾಜಕೀಯವೂ ಇತ್ತು, ನೌಕರರ ದೂರುಗಳೂ ಇದ್ದುವು.

ಮುದ್ರಕರು: ಹಣವುಳ್ಳ ನಗರವೇ ಹದಿನಾಲ್ಕು ವರ್ಷಗಳಾದ ಮೇಲೆ ಹಿಂತಿರುಗಿದ ದಾರಿಯಲ್ಲಿ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಹುಡುಗನನ್ನು ಹೊರಡಿಸುತ್ತಿದ್ದೀರಿ.

ಅಧ್ಯಾಪಕರು: ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿಯೇ ಅದರ ಗುಣ ಕಾಣುವುದು. ಹೊಸ ವಿಂಡೋಸು ಬೇಡವೆಂದು ತಳ್ಳಿದ ಹಳೆಯ ಯಂತ್ರವನ್ನು ಲಿನಕ್ಸು ಇನ್ನೂ ಕೆಲವು ವರ್ಷ ಉಸಿರಾಡಿಸುತ್ತದೆ. ಆದರೆ ನನಗೆ ಈ ವಿಷಯದಲ್ಲಿ ದೃಢತೆ ಬಂದದ್ದು ಬೇರೊಂದು ಕಡೆಯಿಂದ. ನಮ್ಮ ಕಾಲೇಜಿನಲ್ಲಿ ಕಣ್ಣಿಲ್ಲದ ವಿದ್ಯಾರ್ಥಿಯೊಬ್ಬನಿದ್ದಾನೆ, ಎರಡನೆಯ ವರ್ಷದ ಬಿ.ಎ. ಪರದೆಯನ್ನು ಓದಿ ಹೇಳುವ ಹೆಸರಾಂತ ತಂತ್ರಾಂಶವು ಅವನ ತಂದೆಯ ಹಲವು ತಿಂಗಳ ದುಡಿಮೆಯನ್ನು ನುಂಗುವಷ್ಟು ದುಬಾರಿ. ಅವನು ಬಳಸುವುದು ಎನ್.ವಿ.ಡಿ.ಎ. ಎಂಬುದನ್ನು. ಕಣ್ಣಿಲ್ಲದ ಆಸ್ಟ್ರೇಲಿಯದ ತರುಣ ಮೈಕೇಲ್ ಕರ್ರನ್ 2006ರಲ್ಲಿ ಅದನ್ನು ಆರಂಭಿಸಿದನು. ಅವನಂತೆಯೇ ಕಣ್ಣಿಲ್ಲದ ಗೆಳೆಯ ಜೇಮ್ಸ್ ಟೇ ಜೊತೆಗೂಡಿದನು. ಅದರೊಡನೆ ಬರುವ ಇ-ಸ್ಪೀಕ್ ಎಂಬ ಮತ್ತೊಂದು ಮುಕ್ತ ತಂತ್ರಾಂಶವು ಕನ್ನಡವನ್ನು ಓದುತ್ತದೆ. ಧ್ವನಿ ಯಾಂತ್ರಿಕವಾದದ್ದು, ಮಹಾಪ್ರಾಣಗಳು ನಮ್ಮ ಕಿವಿಗೆ ಸರಿಯಾಗಿ ತಾಗುವುದಿಲ್ಲ. ನಾನು ಮೊದಲು ಕೇಳಿದಾಗ ನನಗೆ ಅರ್ಧ ಅರ್ಥವಾಗಲಿಲ್ಲ. ಅವನು ಅದನ್ನು ನಾವು ಮಾತನಾಡುವ ವೇಗದ ಎರಡರಷ್ಟು ವೇಗದಲ್ಲಿಟ್ಟು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಕನ್ನಡ ವಿಕಿಪೀಡಿಯದ ಲೇಖನಗಳನ್ನು ಕೇಳುತ್ತಾ ಗ್ರಂಥಾಲಯದಲ್ಲಿ ಕುಳಿತಿರುತ್ತಾನೆ.

ಮುದ್ರಕರು: (ನಿಧಾನವಾಗಿ) ಅವನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸೇ?

ಅಧ್ಯಾಪಕರು: ಅಲ್ಲ. ಎನ್.ವಿ.ಡಿ.ಎ. ಓಡುವುದು ವಿಂಡೋಸಿನ ಮೇಲೆ. ಲಿನಕ್ಸಿನಲ್ಲಿ ಆರ್ಕಾ ಎಂಬುದೊಂದುಂಟು, ಅದನ್ನು ಹಾಕಿಕೊಡುತ್ತೇನೆಂದೆ. ಸರ್, ನನಗೆ ಇದು ಅಭ್ಯಾಸವಾಗಿದೆ, ಪರೀಕ್ಷೆ ಹತ್ತಿರವಿದೆ, ದಯವಿಟ್ಟು ಬೇಡ ಎಂದನು. ನಾನು ಒತ್ತಾಯಿಸಲಿಲ್ಲ.

ಮುದ್ರಕರು: ನೋಡಿದಿರಾ? ಅವನು ತನಗೆ ಬೇಕಾದ ಮುಕ್ತವಾದುದನ್ನು ತೆಗೆದುಕೊಂಡನು, ಬೇಡವಾದುದನ್ನು ಬಿಟ್ಟನು. ನಿಮ್ಮ ಕರಪತ್ರದಲ್ಲಿ ಮಾತ್ರ ‘ಸಂಪೂರ್ಣವಾಗಿ ಬದಲಾಗಿರಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಿ.

(ಅಧ್ಯಾಪಕರು ಕರಡನ್ನು ತೆಗೆದುಕೊಂಡು ‘ಸಂಪೂರ್ಣವಾಗಿ’ ಎಂಬುದರ ಮೇಲೆ ಗೆರೆ ಎಳೆಯಲು ಹೋಗಿ, ಎಳೆಯದೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು. ಬಳಿಕ ಮಾತು ಹೊಸ ದಿಕ್ಕನ್ನು ಹಿಡಿಯಿತು.)

ಮುದ್ರಕರು: ನನ್ನ ದೊಡ್ಡ ಅನುಮಾನವನ್ನು ಈಗ ಹೇಳಿಬಿಡುತ್ತೇನೆ. ಹುಡುಗರಿಗೆ ಬಳಸಲು ಮಾತ್ರ ಹೇಳುವುದಿಲ್ಲ ನೀವು, ಕೊಡುಗೆಯನ್ನೂ ಕೊಡಿ ಎನ್ನುತ್ತೀರಿ. ಬಡವರ ಮಕ್ಕಳು ಸಂಬಳವಿಲ್ಲದೆ ದುಡಿಯಬೇಕು, ಅದರ ಮೇಲೆ ಲಕ್ಷ ಕೋಟಿಯ ಕಂಪನಿಗಳು ವ್ಯಾಪಾರ ಮಾಡಬೇಕು, ಇದಾವ ನ್ಯಾಯ? ಇನ್ನೊಂದು ಮಾತು: ಪತ್ರಿಕೆಯಲ್ಲಿ ಓದಿದ್ದೆ, 2024ರಲ್ಲಿ ಯಾವುದೋ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲನ್ನು ಇಟ್ಟಿದ್ದರಂತೆ.

ಅಧ್ಯಾಪಕರು: ಎಕ್ಸ್‌ಜ಼ೆಡ್ ಎಂಬುದು ಅದರ ಹೆಸರು, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಆದರೆ ಲೋಕದ ಅಸಂಖ್ಯಾತ ಸರ್ವರುಗಳಲ್ಲಿ ಇರುವಂಥದು. ಬಹುಕಾಲ ಅದನ್ನು ಪಾಲಿಸಿಕೊಂಡು ಬಂದವನು ಒಬ್ಬನೇ, ಅದೂ ದಣಿದವನು. ಸುಳ್ಳು ಹೆಸರಿನವನೊಬ್ಬನು ಎರಡು ವರ್ಷಗಳಷ್ಟು ಕಾಲ ಸಹಾಯಕನಂತೆ ನಟಿಸಿ, ನಂಬಿಕೆಯನ್ನು ಸಂಪಾದಿಸಿ, ಕಡೆಗೆ ಕಳ್ಳಬಾಗಿಲನ್ನು ಇಟ್ಟನು. ಅದನ್ನು ಹಿಡಿದವನು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರು. ತನ್ನ ಗಣಕಕ್ಕೆ ದೂರದಿಂದ ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾಗುತ್ತಿದೆಯೆಂಬ ಅಷ್ಟರಿಂದಲೇ ಸಂಶಯಪಟ್ಟು, ಬಗೆದು ನೋಡಿ, ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದನು. ಮೂಲ ಬರಹವು ತೆರೆದಿದ್ದರಿಂದ ಅವನಿಗೆ ಬಗೆದು ನೋಡಲು ಸಾಧ್ಯವಾಯಿತು.

ಮುದ್ರಕರು: ಅವನಿಗೆ ಸಂಬಳ ಕೊಡುತ್ತಿದ್ದವರು ಯಾರು?

ಅಧ್ಯಾಪಕರು: ಮೈಕ್ರೋಸಾಫ್ಟಿನವರು.

(ಇಬ್ಬರೂ ನಕ್ಕರು. ಇಂತಹ ಉತ್ತರವನ್ನು ಮುಚ್ಚಿಡದೆ ಕೊಟ್ಟುದಕ್ಕಾಗಿ ಅಧ್ಯಾಪಕರ ವಿಷಯದಲ್ಲಿ ನನಗೆ ಗೌರವ ಹೆಚ್ಚಿತು.)

ಮುದ್ರಕರು: ನಿಮ್ಮ ಹುಡುಗರ ಕೊಡುಗೆಯ ಮಾತನ್ನೂ ಆಡೋಣ. ನನ್ನ ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿದ್ದಾಗ, ಅಕ್ಟೋಬರ್ ತಿಂಗಳಲ್ಲಿ ನಾಲ್ಕು ತಿದ್ದುಪಡಿಗಳನ್ನು ಕಳುಹಿಸಿದರೆ ಒಂದು ಟೀ-ಶರ್ಟು ಬರುತ್ತದೆಂದು, ಯಾರದೋ ತಂತ್ರಾಂಶದ ಪರಿಚಯದ ಪುಟದಲ್ಲಿ ‘ಉತ್ತಮ’ವನ್ನು ‘ಅತ್ಯುತ್ತಮ’ ಮಾಡಿ ಕಳುಹಿಸಿದ.

ಅಧ್ಯಾಪಕರು: ಆ ನಾಚಿಕೆ ನನಗೂ ಗೊತ್ತು. 2020ರಲ್ಲಿ ಅಂತಹ ಕಸ ಎಷ್ಟು ಬಂದು ಬಿತ್ತೆಂದರೆ, ಆ ಅಕ್ಟೋಬರಿನ ಕಾರ್ಯಕ್ರಮವನ್ನು ನಡೆಸುವವರು ನಿಯಮವನ್ನೇ ಬದಲಾಯಿಸಿ, ತಿದ್ದುಪಡಿ ಬೇಕೆಂದು ಮುಂದೆ ಬಂದವರಿಗೆ ಮಾತ್ರ ಕಳುಹಿಸತಕ್ಕದ್ದೆಂದು ಮಾಡಿದರು. ಅಂಕಕ್ಕಾಗಿ ಕೊಡುಗೆ ಎಂದರೆ ಹೀಗೆಯೇ ಆಗುವುದು. ಆದುದರಿಂದ ನಾನು ನನ್ನ ತರಗತಿಯಲ್ಲಿ ಅದಕ್ಕೆ ಅಂಕವಿಡುವುದಿಲ್ಲ. ಕೂಲಿಯ ಮಾತಿಗೆ ನನ್ನಲ್ಲಿ ಅರ್ಧ ಉತ್ತರವುಂಟು. ಗೂಗಲ್ಲಿನವರು 2005ರಿಂದ ಬೇಸಗೆಯಲ್ಲಿ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಇಂತಹ ಕೆಲಸ ಮಾಡಿಸುತ್ತಾರೆ; ಜ಼ೆರೋಧಾದವರು 2024ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯನ್ನು ಸಾರಿದರು. ಲೋಕದ ಅಗತ್ಯದ ಮುಂದೆ ಅದು ಸ್ವಲ್ಪ. ಉಳಿದರ್ಧಕ್ಕೆ ಒಂದು ಸಣ್ಣ ಸಂಗತಿಯನ್ನು ಹೇಳುವೆನು. ನೀವು ಬಳಸುವ ನುಡಿಯ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾಯರದಲ್ಲವೆ?

ಮುದ್ರಕರು: ಹೌದು. ನನ್ನ ಆಪರೇಟರಿಗೆ ಬೇರೆ ಯಾವುದೂ ಬರುವುದಿಲ್ಲ.

ಅಧ್ಯಾಪಕರು: ಲಿನಕ್ಸಿನಲ್ಲಿ ಕೀಲಿಮಣೆಯನ್ನು ಆರಿಸುವ ಪಟ್ಟಿಯನ್ನು ತೆರೆದರೆ ಅದು ‘ಕಗಪ’ ಎಂಬ ಹೆಸರಿನಲ್ಲಿ ಅಲ್ಲಿಯೇ ಇದೆ, ಕನ್ನಡ ಗಣಕ ಪರಿಷತ್ತಿನ ಹೆಸರು. ಕನ್ನಡದ ಕೆಳಗೆ ಮಾತ್ರವಲ್ಲ: ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳ ಕೆಳಗೂ ಅದೇ ಹೆಸರು. ನೇಪಾಳದ ಗಡಿಯಲ್ಲಿ ಕುಳಿತು ಸಂಸ್ಕೃತ ಬರೆಯುವವನೊಬ್ಬನು ಆ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡರೆ ಬೆಂಗಳೂರಿನ ಒಂದು ಸಂಸ್ಥೆಯ ಹೆಸರನ್ನು ಮುಟ್ಟಿರುತ್ತಾನೆ. ಯಾರೋ ಕೂತು ಸೇರಿಸಿದರು, ಸೇರಿತು. ಯಾವ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ.

ಮುದ್ರಕರು: ಅದು ಸೊಗಸಾದದ್ದೇ. ಹಾಗಾದರೆ ನನ್ನ ಆಪರೇಟರು ನಿಮ್ಮ ಲಿನಕ್ಸಿನಲ್ಲಿ ಕೈ ತಪ್ಪದೆ ಟೈಪು ಮಾಡಬಲ್ಲನೆನ್ನಿ.

ಅಧ್ಯಾಪಕರು: ಟೈಪು ಮಾಡಬಲ್ಲನು. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಎಂಬುದುಂಟು. ಅದರ ಈಚಿನ ಆವೃತ್ತಿಗಳಲ್ಲಿ ಕನ್ನಡದ ಒತ್ತುಗಳು ಸರಿಯಾಗಿ ಕೂರುತ್ತವೆ. ಪೇಜ್‌ಮೇಕರಿನ ನಿಮ್ಮ ಹಳೆಯ ಕಡತಗಳು ಅದರಲ್ಲಿ ಹಾಗೆಯೇ ತೆರೆಯುವುವೆಂದು ಮಾತ್ರ ಭರವಸೆ ಕೊಡಲಾರೆ.

ಮುದ್ರಕರು: ಅಲ್ಲಿಗೆ ಬಂತು. ಸರಿ, ಒಂದು ಒಪ್ಪಂದ ಮಾಡೋಣ. ಮಹಡಿಯ ಮೂಲೆಯಲ್ಲಿ ಎರಡು ಹಳೆಯ ಗಣಕಗಳಿವೆ. ಅವುಗಳಿಗೆ ನಿಮ್ಮ ಲಿನಕ್ಸನ್ನು ಹಾಕಿ. ನನ್ನ ಹುಡುಗರಲ್ಲಿ ಇಷ್ಟವಿದ್ದವರು ಟ್ಯಾಲಿ ಮುಗಿದ ಮೇಲೆ ಅದರಲ್ಲಿಯೂ ಕುಳಿತುಕೊಳ್ಳಲಿ. ಆದರೆ ಒಂದು ಪ್ರಶ್ನೆ. ಸೆಮಿಸ್ಟರ್ ಪ್ರಾಜೆಕ್ಟಿನ ವರದಿ ಒಪ್ಪಿಸುವ ಹಿಂದಿನ ರಾತ್ರಿ, ನಿಮ್ಮ ಶಿಬಿರದಲ್ಲಿ ಬದಲಾದ ಹುಡುಗನ ಲ್ಯಾಪ್‌ಟಾಪಿನಿಂದ ಪ್ರಿಂಟು ಬಾರದಿದ್ದರೆ ಅವನು ಯಾರಿಗೆ ಫೋನು ಮಾಡಬೇಕು?

ಅಧ್ಯಾಪಕರು: ನನಗೆ. ಕರಪತ್ರದ ಕೆಳಗೆ ನನ್ನ ಸಂಖ್ಯೆ ಇದೆ.

ಮುದ್ರಕರು: ನಿಮಗೆ ಬೇರೆ ಊರಿಗೆ ವರ್ಗವಾದ ಮೇಲೆ?

ಅಧ್ಯಾಪಕರು: ಹಿಂದಿನ ವರ್ಷ ಕಲಿತ ಹುಡುಗರಿದ್ದಾರೆ.

ಮುದ್ರಕರು: ಅವರೆಲ್ಲ ಬೆಂಗಳೂರಿಗೆ ಹೋಗಿದ್ದಾರಲ್ಲ, ಮೇಷ್ಟ್ರೆ.

ಅಧ್ಯಾಪಕರು: ಹೋಗಿದ್ದಾರೆ. ಅವರಲ್ಲಿ ಇಬ್ಬರು ಮೂವರು ಈ ಶನಿವಾರದ ಶಿಬಿರಕ್ಕೆ ರಾತ್ರಿ ಬಸ್ಸಿಗೆ ಬರುತ್ತೇವೆಂದು ಹೇಳಿದ್ದಾರೆ.

ಮುದ್ರಕರು: ಬಂದರೆ ಮಹಡಿಗೂ ಕರೆದುಕೊಂಡು ಬನ್ನಿ. ನಾನು ಅವರನ್ನು ಕೇಳಬೇಕಾದದ್ದುಂಟು, ಅಲ್ಲಿ ಆಫೀಸಿನಲ್ಲಿ ಅವರ ಮೇಜಿನ ಮೇಲೆ ಏನು ಓಡುತ್ತಿದೆಯೆಂದು.